ಹನಿಯಿಲ್ಲದ ಮರ

"ಆ ಬಿಳಿ ಮಣ್ಣಿನ ಮೇಲೆ ಕಾಲಿಡಬೇಡಿ ದಫೇದಾರ್ರೇ!"

ನಾನು ಕೂಗಿ ಮುಗಿಸುವಷ್ಟರಲ್ಲಿ ದಫೇದಾರ ಫೋಟಿಸ್‌ನ ಬೂಟು ಮರದ ಬುಡಕ್ಕೇ ಹೋಗಿ ನಿಂತಿತ್ತು. ಆಗಸ್ಟ್ ತಿಂಗಳಲ್ಲಿ ಮಸ್ತಿಕದ ಮರದಡಿ ಹೀಗೆ ಓಡಾಡುವವನನ್ನು ನಮ್ಮೂರ ಹೆಂಗಸರು ಸೌದೆ ಹಿಡಿದು ಅಟ್ಟುತ್ತಾರೆ.

"ಹೆಣ ಬಿದ್ದಿದ್ದ ಜಾಗ ರೀ ಇದು," ಎಂದ ಫೋಟಿಸ್. "ಹೆಣಕ್ಕಿಂತ ನಿಮ್ಮ ಅಂಟು ಹೆಚ್ಚಾಯ್ತಾ?"

"ಹೆಣ ಎತ್ತಿ ಮೂರು ದಿನ ಆಯ್ತು. ಅಂಟು ಇನ್ನೂ ಎತ್ತಿಲ್ಲ."

ಈ ಫೋಟಿಸ್ ಸಮುದ್ರದ ಆಚೆ ದಡದವನು. ಅವನ ಪಾಲಿಗೆ ಮಸ್ತಿಕ ಎಂದರೆ ಬಾಯಲ್ಲಿ ಜಗಿಯುವ ಪದಾರ್ಥ, ಅಷ್ಟೇ. ನಾವಾದರೆ ತೊಗಟೆಗೆ ಗೀರು ಹಾಕಿ, ಬುಡ ಗುಡಿಸಿ, ಬಿಳಿ ಮಣ್ಣನ್ನು ಜರಡಿ ಹಿಡಿದು ಹರಡಿ, ಹನಿ ಸುರಿದು ಗಟ್ಟಿಯಾಗಲೆಂದು ಎರಡು ವಾರ ಉಸಿರು ಬಿಗಿಹಿಡಿದು ಕಾಯುತ್ತೇವೆ. ಖಿಯೋಸ್ ದ್ವೀಪದ ಈ ದಕ್ಷಿಣದ ತುದಿ ಅನ್ನ ತಿನ್ನುವುದೇ ಆ ಹನಿಯಿಂದ.

ಮರ ವಿಧವೆ ಮಾರ್ಕೆಲ್ಲಳದು. ದ್ವೀಪದ ಗಿಡಮರಗಳನ್ನೆಲ್ಲ ನಕ್ಷೆಗೆ ಇಳಿಸಲು ಬಂದಿದ್ದ ಲಿಯಾಂದ್ರೋಸ್ ತಲೆಯ ಹಿಂಭಾಗ ಒಡೆದು ಸತ್ತು ಬಿದ್ದಿದ್ದು ಇದರ ಕೆಳಗೆ. ಹೊಲಗಾವಲಿನವನಾದ ನಾನೇ ಮಂಗಳವಾರ ಸಂಜೆ ಆ ಹೆಣ ನೋಡಿದೆ, ನಾನೇ ವರದಿ ಬರೆದೆ, ನನ್ನ ವರದಿಯ ಬಲದ ಮೇಲೆಯೇ ಮಾರ್ಕೆಲ್ಲಳನ್ನು ಊರ ನಡುವಿನ ಗೋಪುರದ ಕೋಣೆಯಲ್ಲಿ ಕೂಡಿಹಾಕಿದರು. ಆ ಸಂಜೆಯಿಂದ ಉತ್ತರದ ಗಾಳಿ ಎದ್ದಿದೆ, ಬಂದರಿನಿಂದ ಒಂದು ದೋಣಿಯೂ ಹೊರಟಿಲ್ಲ. ಗಾಳಿ ನಿಂತ ದಿನ ಮೊದಲ ಹಡಗಿನಲ್ಲಿ ಅವಳು ದ್ವೀಪದ ಹೊರಗಿನ ಜೈಲಿಗೆ ಹೋಗುತ್ತಾಳೆ. ಹೋದವರು ಅಲ್ಲಿಂದ ಹೇಗೆ ಬರುತ್ತಾರೆಂದು ನನಗೆ ಗೊತ್ತು. ಮೂರು ರಾತ್ರಿಯಿಂದ ನನಗೆ ನಿದ್ದೆಯಿಲ್ಲ.

"ಯಜಮಾನ್ರೇ, ನಾಲ್ಕು ಜನರ ಎದುರಿಗೆ ಕಾಫಿ ಅಂಗಡಿ ಬಾಗಿಲಲ್ಲಿ ಅವಳು ಏನಂದಳು? 'ನನ್ನ ಹೊಲಕ್ಕೆ ಹಸಿರು ಹಚ್ಚಿದ ಕೈ ಕಡೀತೀನಿ' ಅಂದಳು. ಇನ್ನೇನು ಬೇಕು ನಿಮಗೆ?"

"ಅಂದಳು. ಊರಲ್ಲಿ ಯಾರು ಅನ್ನಲಿಲ್ಲ ಹೇಳಿ."

ಅದು ನಿಜ. ಲಿಯಾಂದ್ರೋಸ್‌ನ ಹತ್ತಿರ ಎರಡು ಪೆನ್ಸಿಲ್ ಇದ್ದವು. ಮನುಷ್ಯ ನೆಟ್ಟು ಬೆಳೆಸಿದ್ದಕ್ಕೆ ಹಳದಿ, ತಾನಾಗಿ ಬೆಳೆದದ್ದಕ್ಕೆ ಹಸಿರು. ಹಸಿರು ಬಿದ್ದ ಜಾಗ ಕಾಡು, ಕಾಡಾದರೆ ಸರ್ಕಾರದ್ದು. ಅಜ್ಜನ ಕಾಲದ ಹೊಲ ಒಂದು ಪೆನ್ಸಿಲ್ ಗೀರಿಗೆ ಕೈಬಿಟ್ಟು ಹೋಗುತ್ತದೆ ಎಂದ ಮೇಲೆ ಊರಿಗೆ ಊರೇ ಅವನ ಕೈ ನೋಡುತ್ತ ಕೂತಿತ್ತು. ಒಂದು ತಿಂಗಳು ಅವನ ಜೊತೆ ಗಡಿ ತೋರಿಸುತ್ತ ಅಲೆದವನು ನಾನು. ಒಳ್ಳೆಯ ಹುಡುಗ, ಎಲೆ ಕಂಡರೆ ಕಚ್ಚಿ ನೋಡುವವನು, ಸುಳ್ಳು ಬಣ್ಣ ಹಚ್ಚದವನು.

"ಸೋಮವಾರ ಸಾಯಂಕಾಲ ನನ್ನ ಕಣ್ಣೆದುರೇ ಇಲ್ಲಿ ಅಗೆದ," ಎಂದೆ. "ಬಿಳಿ ಮಣ್ಣು ನಾಲ್ಕು ಬೆರಳು ದಪ್ಪ ಸಿಕ್ತು. 'ನೂರು ವರ್ಷದ ಬೇಸಾಯ ಇದು, ನನ್ನದೇ ತಪ್ಪು' ಅಂತ ಹಸಿರು ಉಜ್ಜಿ ಹಳದಿ ಮಾಡಿದ. ಮಾರ್ಕೆಲ್ಲ ಅವನಿಗೆ ಅಂಜೂರ ಕೊಟ್ಟಳು. ಮಾರನೇ ದಿನ ಅವಳೇ ಯಾಕೆ ಕೊಲ್ತಾಳೆ?"

"ಆ ನಕ್ಷೆ ಹಾಳೆ ತೋರ್ಸಿ. ಇಪ್ಪತ್ತಮೂರು ಹಾಳೆ ಇರಬೇಕು, ಹದಿನಾಲ್ಕನೇದು ಇಲ್ಲ. ನಿಮ್ಮ ಬಾಯಿ ಮಾತು ಕೋರ್ಟಿನಲ್ಲಿ ನಡೆಯಲ್ಲ."

ಈ ಹೊಲವೂ ಹಳ್ಳದ ಪಕ್ಕದ ಹೊಲಗಳೂ ಇದ್ದದ್ದು ಆ ಹದಿನಾಲ್ಕನೆಯ ಹಾಳೆಯಲ್ಲೇ. ಅವನ ಚೀಲ ಸಿಕ್ಕಿತು, ಪೆನ್ಸಿಲ್ ಸಿಕ್ಕವು, ಅದೊಂದು ಸಿಗಲಿಲ್ಲ.

ನಾನು ಕುಕ್ಕರುಗಾಲಲ್ಲಿ ಕೂತೆ. ಮಂಡಿ ಲಟಕ್ಕೆಂದಿತು. ಆಚೀಚೆಯ ಮರಗಳ ಕೆಳಗೆ ಬಿಳಿ ಮಣ್ಣಿನ ಮೇಲೆ ಹನಿ ಬಿದ್ದು ಹೊಳೆಯುತ್ತಿತ್ತು. ಈ ಮರದ ತೊಗಟೆಯಲ್ಲೂ ಗೀರಿತ್ತು, ಗೀರಿನಲ್ಲಿ ಹನಿಯೂ ನೇತಾಡುತ್ತಿತ್ತು. ನೆಲದ ಮೇಲೆ ಮಾತ್ರ ಒಂದೂ ಇರಲಿಲ್ಲ.

"ದಫೇದಾರ್ರೇ, ಇಲ್ಲಿದ್ದ ಹನಿ ಎಲ್ಲಿ ಹೋಯ್ತು?"

"ಹೆಣದ ಕೆಳಗೆ ಅರೆದು ಹೋಗಿರ್ತದೆ."

"ಅರೆದಿದ್ರೆ ಪುಡಿ ಇರಬೇಕಲ್ಲ. ಇಲ್ಲಿ ನೋಡಿ, ಪುಡಿ ಇಲ್ಲ. ಆರಿಸಿದ್ದಾರೆ. ಒಂದೊಂದೇ ಆರಿಸಿ, ಆಮೇಲೆ ಹೆಣ ಮಲಗಿಸಿದ್ದಾರೆ."

ಫೋಟಿಸ್ ಹೊಟ್ಟೆ ಹಿಡಿದುಕೊಂಡು ನಕ್ಕ. "ಕೊಲೆ ಮಾಡಿದವನು ಅಂಟು ಆರಿಸ್ತಾ ಕೂತಿದ್ನಾ?"

"ಕೂತಿದ್ದ. ಪರವೂರಿನವನಾಗಿದ್ರೆ ಬಿಸಾಕಿ ಓಡ್ತಿದ್ದ. ನಮ್ಮೂರಿನವನು ಮಸ್ತಿಕದ ಮೇಲೆ ಹೆಣ ಹಾಕಲಾರ. ಕೈಯೇ ಬರಲ್ಲ ಅವನಿಗೆ."

ನಗು ನಿಂತಿತು. ಪೆದ್ದನಲ್ಲ ಅವನು. "ಸರಿ ಹಾಗಾದ್ರೆ. ಮರ ಯಾರದು? ಮಾರ್ಕೆಲ್ಲಳದು. ಅವಳ ಅಂಟು, ಅವಳೇ ಆರಿಸಿಕೊಂಡಳು. ನೀವೇ ಸಾಕ್ಷಿ ಕೊಟ್ಟ ಹಾಗಾಯ್ತಲ್ಲ ಯಜಮಾನ್ರೇ."

ಬಿಡಿಸಲು ಹೋದ ಗಂಟನ್ನು ನಾನೇ ಬಿಗಿದಿದ್ದೆ. ಅವಮಾನವಾಯಿತು, ಅವಮಾನವಾದಾಗ ನಾನು ಹೆಚ್ಚು ಮಾತಾಡುತ್ತೇನೆ, ಅದು ನನ್ನ ಜನ್ಮದ ರೋಗ.

"ಹನ್ನೆರಡು ಗಂಟೆಗೆ ಅವಳನ್ನ ಇಲ್ಲಿಗೇ ಕರ್ಕೊಂಡು ಬನ್ನಿ," ಎಂದೆ. "ಅವಳ ಎದುರಿಗೇ ನಿಜ ಏನಂತ ತೋರಿಸ್ತೀನಿ. ತೋರಿಸದಿದ್ರೆ ಈ ಕಾವಲಿನ ಟೋಪಿ ನಿಮ್ಮ ಕಾಲ ಹತ್ರ ಇಟ್ಟು ಹೋಗ್ತೀನಿ."

"ಟೋಪಿ ಇಟ್ಕೊಂಡು ನಾನೇನು ಮಾಡ್ಲಿ? ಹನ್ನೆರಡಕ್ಕೆ ಬರ್ತೀನಿ."

ಅವನು ದಾರಿ ತಿರುಗುವವರೆಗೂ ಕಾದೆ. ಆಮೇಲೆ ಕೊಂಬೆಗಳ ಒಳಗೆ ತಲೆ ತೂರಿಸಿದೆ. ಮಸ್ತಿಕದ ಮೇಲೆ ಹೆಣ ಹಾಕಲಾರದವನು ಅದನ್ನು ಕದಿಯುವವನೂ ಅಲ್ಲ. ಇನ್ನೊಬ್ಬರ ಹನಿ ಕದ್ದವನಿಗೆ ನಮ್ಮೂರಲ್ಲಿ ಹೆಣ್ಣು ಕೊಡುವುದಿರಲಿ, ಬೆಂಕಿ ಕೊಡುವುದಿಲ್ಲ. ಆರಿಸಿದ್ದನ್ನು ಒಡತಿಗೆ ಸಿಗುವ ಹಾಗೆ ಇಲ್ಲೇ ಎಲ್ಲೋ ಇಟ್ಟಿರಬೇಕು.

ಮೇಲಿನ ಕವಲಿನಲ್ಲಿ, ಎಲೆಗಳ ಮರೆಯಲ್ಲಿ, ಒಂದು ಬಟ್ಟೆಯ ಗಂಟು ಸಿಕ್ಕಿತು.

ಬಿಚ್ಚಿದೆ. ಒಂದು ಗಂಟಲ್ಲ, ಎರಡು ಮೂಲೆಗೆ ಎರಡು ಗಂಟು. ಒಂದರಲ್ಲಿ ದೊಡ್ಡ ಹನಿ, ಇನ್ನೊಂದರಲ್ಲಿ ಸಣ್ಣವು. ಎಲ್ಲರೂ ಮರದಡಿ ಸಿಕ್ಕಿದ್ದನ್ನು ಒಟ್ಟಿಗೇ ಬಾಚಿ ಮನೆಗೆ ಒಯ್ಯುತ್ತಾರೆ. ಬೇರ್ಪಡಿಸುವುದು ಹೆಂಗಸರ ಕೆಲಸ, ಅದು ಚಳಿಗಾಲದಲ್ಲಿ ಓಣಿಯಲ್ಲಿ ಸಾಲಾಗಿ ಕೂತು, ಊರವರ ಸಂಸಾರವನ್ನೆಲ್ಲ ಜಾಲಾಡುತ್ತ ಮಾಡುವ ಕೆಲಸ. ಮರದ ಬುಡದಲ್ಲೇ ದೊಡ್ಡದು ಸಣ್ಣದು ಬೇರೆ ಮಾಡುವವನು ಊರಿಗೆಲ್ಲ ಒಬ್ಬನೇ. ಹೆಂಡತಿ ಸತ್ತು, ಮನೆಯಲ್ಲಿ ಹೆಣ್ಣು ದಿಕ್ಕಿಲ್ಲದೆ, ಹೆಂಗಸರ ಸಾಲಿನಲ್ಲಿ ಕೂರಲು ನಾಚಿಕೊಳ್ಳುವ ನಿಕಿತಾಸ್.

ನನ್ನ ಮದುವೆಯಲ್ಲಿ ನನ್ನ ತಲೆಯ ಮೇಲಿನ ಕಿರೀಟವನ್ನೂ ನನ್ನ ಹೆಂಡತಿ ಮತ್ರೋನಳ ತಲೆಯ ಮೇಲಿನ ಕಿರೀಟವನ್ನೂ ಅದಲುಬದಲು ಮಾಡಿ ಹರಸಿದವನು ಅವನು. ರಕ್ತಸಂಬಂಧಕ್ಕಿಂತ ಹತ್ತಿರದವನು.

ಎರಡು ಹೊಲ ಆಚೆ ಅವನ ಕಲ್ಲಿನ ಗುಡಿಸಲು. ಕಿಟಕಿ ಇಲ್ಲ, ಬಾಗಿಲು ತಗ್ಗು, ಒಳಗೆ ಹೋಗಬೇಕಾದರೆ ಬೆನ್ನು ಬಗ್ಗಿಸಬೇಕು. ಹೊರಗೆ ಗಾಳಿ ಬೊಬ್ಬಿಡುತ್ತಿತ್ತು. ಒಳಗೆ ಅವನು ಬ್ರೆಡ್ಡು, ಆಲಿವ್ ಮುಂದಿಟ್ಟುಕೊಂಡು ತಿನ್ನದೆ ಕೂತಿದ್ದ.

"ಬಾರೋ ಇಸಿದೋರ. ಅಂಜೂರದ ಸಾರಾಯಿ ಇದೆ, ಕುಡೀತೀಯಾ?"

"ಬೇಡ." ಬಟ್ಟೆಯ ಗಂಟನ್ನು ಅವನ ಬ್ರೆಡ್ಡಿನ ಪಕ್ಕ ಇಟ್ಟೆ.

ಅವನು ಅದನ್ನು ನೋಡಿದ. ಯಾರದೆಂದು ಕೇಳಲಿಲ್ಲ. "ಮಾರ್ಕೆಲ್ಲಳಿಗೆ ಸಿಗಲಿ ಅಂತ ಇಟ್ಟಿದ್ದೆ," ಎಂದ.

"ಥೂ, ನಿನ್ನ ಜನ್ಮಕ್ಕೆ. ಅವಳ ಹನಿ ಉಳಿಸಿದೆ, ಅವಳ ಕುತ್ತಿಗೆ ಕೊಟ್ಟೆ! ಮೂರು ದಿನದಿಂದ ಆ ಹೆಂಗಸು ಕಲ್ಲಿನ ಕೋಣೇಲಿ ಕೂತಿದ್ದಾಳೆ, ನೀನಿಲ್ಲಿ ಆಲಿವ್ ತಿಂತೀಯಾ?"

"ತಿಂದಿಲ್ಲ. ಮೂರು ದಿನದಿಂದ ಗಂಟಲಲ್ಲಿ ಇಳೀತಿಲ್ಲ."

"ಯಾಕೆ ಕೊಂದೆ ಅವನನ್ನ?"

"ನಾನು ಕೊಂದಿಲ್ಲ ಕಣೋ."

"ಹೊತ್ತು ಹಾಕಿದವನು ನೀನು!"

"ಹೊತ್ತು ಹಾಕಿದೆ. ಕತ್ತೆ ಮೇಲೆ ಹಾಕ್ಕೊಂಡು ದೊಡ್ಡ ದಾರಿವರೆಗೆ ಒಯ್ದು, ಕಾಲು ಜಾರಿ ಬಿದ್ದ ಹಾಗೆ ಮಲಗಿಸಬೇಕು ಅಂತಿದ್ದೆ. ಅಷ್ಟರಲ್ಲಿ ಕೆಳಗಿಂದ ಜನ ಬರೋ ಸದ್ದಾಯ್ತು. ಕೈಗೆ ಸಿಕ್ಕ ಮೊದಲನೇ ಮರ ಅವಳದು. ಬೇಕಂತ ಮಾಡಿಲ್ಲ, ದೇವರಾಣೆ."

"ಜನ ಬರ್ತಿದ್ರು, ನೀನು ಹನಿ ಆರಿಸ್ತಾ ಕೂತೆ."

"ಕೈ ಕೇಳಲಿಲ್ಲವೋ. ನಿನ್ನ ಕೈ ಕೇಳ್ತಿತ್ತಾ?"

ನನ್ನ ಕೈಯೂ ಕೇಳುತ್ತಿರಲಿಲ್ಲ.

"ಎಲ್ಲಿ ಬಿದ್ದಿದ್ದ ಅವನು? ಎಲ್ಲಿಂದ ಎತ್ತಿದೆ?"

ನಿಕಿತಾಸ್ ಬ್ರೆಡ್ಡನ್ನು ಪಕ್ಕಕ್ಕೆ ತಳ್ಳಿದ. "ಮನೆಗೆ ಹೋಗು ಇಸಿದೋರ. ಕೇಳಬೇಡ. ನಾನೇ ಕೊಂದೆ ಅಂತ ದಫೇದಾರನಿಗೆ ಹೇಳು, ನಾನು ಹೂಂ ಅಂತೀನಿ. ನನಗ್ಯಾರಿದ್ದಾರೆ ಹೇಳು, ಹಿಂದೆ ಮುಂದೆ ಅಳೋಕೆ?"

"ಸುಳ್ಳು ಹೇಳಿಸೋಕೆ ನೋಡಬೇಡ. ಎಲ್ಲಿಂದ ಎತ್ತಿದೆ?"

ಅವನು ಎದ್ದು, ಗೋಡೆಯ ಕಲ್ಲಿನ ಸಂದಿಗೆ ಕೈ ಹಾಕಿ, ಮಡಚಿದ ಹಾಳೆ ಎಳೆದು ನನ್ನ ತೊಡೆಯ ಮೇಲೆ ಎಸೆದ. "ಅವನ ಕೈಯಲ್ಲಿ ಇದಿತ್ತು. ನಿನಗೆ ಓದೋಕೆ ಬರ್ತದಲ್ಲ, ಓದ್ಕೋ."

ಹದಿನಾಲ್ಕನೆಯ ಹಾಳೆ. ಬಾಗಿಲ ಬೆಳಕಿಗೆ ಹಿಡಿದೆ. ಮಾರ್ಕೆಲ್ಲಳ ಹೊಲ ಹಳದಿ, ಅಂಚಿನಲ್ಲಿ ಲಿಯಾಂದ್ರೋಸ್‌ನ ಪುಟ್ಟ ಅಕ್ಷರ: ಬಿಳಿ ಮಣ್ಣು ನಾಲ್ಕು ಬೆರಳು, ಹಳೆಯ ಬೇಸಾಯ. ಕೆಳಗೆ ಸೋಮವಾರದ ತಾರೀಖು. ಒಂದು ಕ್ಷಣ ನನಗೆ ಕುಣಿದಾಡುವಷ್ಟು ಖುಷಿಯಾಯಿತು. ಇದೊಂದು ಸಾಕು, ಮಾರ್ಕೆಲ್ಲ ಮನೆಗೆ ಹೋಗುತ್ತಾಳೆ.

ಆಮೇಲೆ ಕಣ್ಣು ಹಳ್ಳದ ಕಡೆಗೆ ಜಾರಿತು. ಅಲ್ಲೊಂದು ಹೊಲ, ಪೂರ್ತಿ ಹಸಿರು. ಮಂಗಳವಾರದ ತಾರೀಖು, ಅವನು ಸತ್ತ ದಿನದ್ದು. ಬರೆದಿದ್ದ: ಗೀರಿನ ಗುರುತಿಲ್ಲ. ಮುಳ್ಳುಪೊದೆ, ನಡುನಡುವೆ ಕೆಂಪು ಕಾಯಿ ಬಿಟ್ಟ ಕಾಡು ಗಿಡ. ಕೈಬಿಟ್ಟ ಜಾಗ, ಕಾಡು.

ಬೇಸಾಯದ ಮಸ್ತಿಕ ಕಾಯಿ ಬಿಡುವುದಿಲ್ಲ. ಬಿಡುವುದು ಕಾಡಿನದು. ಇಂಥ ಹೊಲ ಆ ಹಳ್ಳದಲ್ಲಿ ಒಂದೇ ಒಂದಿತ್ತು.

ಮತ್ರೋನ ತವರಿಂದ ತಂದ ಅರವತ್ತು ಮರ. ಯುದ್ಧದ ವರ್ಷಗಳಲ್ಲಿ ಸೌದೆಗೆಂದು ಅರ್ಧ ಕಡಿದೆವು, ಆಮೇಲೆ ಬುಡದಿಂದ ಮತ್ತೆ ಚಿಗುರಿದವು. ಕಳೆ ಕಿತ್ತು, ಕೊಂಬೆ ಸವರಿ, ಬುಡ ಹಸನು ಮಾಡಿದ್ದರೆ ಬದುಕುತ್ತಿದ್ದವು. ಪ್ರತಿ ವಸಂತಕ್ಕೂ ಅವಳು ಕೇಳುತ್ತಿದ್ದಳು, ಪ್ರತಿ ವಸಂತಕ್ಕೂ ನಾನು ಬರುವ ವರ್ಷ ಎನ್ನುತ್ತಿದ್ದೆ. ಊರಿನ ಹೊಲವನ್ನೆಲ್ಲ ಕಾದೆ, ಯಾರ ಆಡು ಯಾರ ಬೇಲಿ ದಾಟಿತೆಂದು ಬರೆದೆ, ಹೆಂಡತಿಯ ಹೊಲ ಪೊದೆಯಾಗಲು ಬಿಟ್ಟೆ. ಲಿಯಾಂದ್ರೋಸ್‌ಗೆ ಅದು ಗೊತ್ತಿತ್ತು. ಅದಕ್ಕೇ ಇರಬೇಕು, "ನಾಳೆ ಹಳ್ಳದ ಕಡೆ ನಾನೊಬ್ಬನೇ ಹೋಗ್ತೀನಿ, ನಿಮ್ಮ ಮಂಡಿ ಊದಿದೆ, ಮಲಗಿರಿ" ಎಂದಿದ್ದ. ನನ್ನ ಮುಖ ಉಳಿಸಲು ನೋಡಿದ್ದ, ಪಾಪ.

"ನಿನ್ನ ಹೊಲದಲ್ಲಿ ಬಿದ್ದಿದ್ದ," ಎಂದ ನಿಕಿತಾಸ್. "ಮತ್ರೋನ ಪಕ್ಕದಲ್ಲಿ ನಿಂತಿದ್ದಳು."

"ಏನಂದೆ?"

"ಕೈಯಲ್ಲಿ ಏನೂ ಇರಲಿಲ್ಲ. ನಾನು ಮಾತಾಡಿಸಿದೆ. 'ಬಿದ್ದುಬಿಟ್ಟರು' ಅಂದಳು, ಅಷ್ಟೇ. ಮನೆಗೆ ಹೋಗಮ್ಮ ಅಂದೆ. ಹೋದಳು. ಹೊಡೆದದ್ದು ನಾನು ನೋಡಿಲ್ಲ, ಅವನು ಬಿದ್ದದ್ದೂ ನೋಡಿಲ್ಲ."

ಮಂಗಳವಾರ ಬೆಳಿಗ್ಗೆ ಅವಳು ನನ್ನ ಮಂಡಿಗೆ ಬಿಸಿ ಈರುಳ್ಳಿ ಕಟ್ಟಿ, ತಂಗಿಯ ಮನೆಗೆ ಹೋಗಿಬರುತ್ತೇನೆಂದು ಹೊರಟಿದ್ದಳು. ಬಂದವಳು ಬಟ್ಟೆ ಒಗೆದು ಹಗ್ಗಕ್ಕೆ ಹಾಕಿದಳು. ಒಗೆಯುವ ದಿನ ಅಲ್ಲವಲ್ಲ ಎಂದು ಮಲಗಿದಲ್ಲೇ ಅಂದುಕೊಂಡಿದ್ದೆ, ಅಂದುಕೊಂಡು ಮರೆತಿದ್ದೆ. ಈಗ ಗುಡಿಸಲಿನ ಗೋಡೆಗಳು ನನ್ನ ಹೆಗಲಿಗೆ ತಾಗುತ್ತಿವೆ ಅನ್ನಿಸಿತು. ಕೈಯಲ್ಲಿದ್ದದ್ದು ಒಂದೇ ಹಾಳೆ. ಅದನ್ನು ಕೊಟ್ಟರೆ ಮಾರ್ಕೆಲ್ಲ ಉಳಿಯುತ್ತಾಳೆ, ಕೊಟ್ಟರೆ ಹಸಿರು ಹೊಲ ಯಾರದೆಂದು ಕೇಳುತ್ತಾರೆ. ಮುಚ್ಚಿಟ್ಟರೆ ಅನ್ಯಾಯವಾಗಿ ಒಬ್ಬ ಹೆಂಗಸು ಹಡಗು ಹತ್ತುತ್ತಾಳೆ, ಅದೂ ನನ್ನ ವರದಿಯಿಂದ.

"ಸುಟ್ಟುಬಿಡು," ಎಂದ ನಿಕಿತಾಸ್. "ನನ್ನ ಹೆಸರು ಹೇಳು, ಮುಗೀತು."

"ಮಾಡದ ಕೊಲೆಗೆ ನಿನ್ನನ್ನ ಕಳಿಸಲಾ?"

"ಹಾಗಾದ್ರೆ ಒಂದು ತಿಳ್ಕೋ. ಮತ್ರೋನಳನ್ನ ನೋಡಿದೆ ಅಂತ ನನ್ನ ಬಾಯಿಂದ ಇನ್ನೊಂದು ಸಲ ಬರಲ್ಲ. ಚರ್ಮ ಸುಲಿದರೂ ಬರಲ್ಲ."

ಮರದಡಿ ನಾನಿಲ್ಲದ್ದು ನೋಡಿ ಹುಡುಕಿಕೊಂಡು ಬಂದ ಫೋಟಿಸ್‌ನ ದನಿ ಹೊರಗೆ ಕೇಳಿಸಿತು. "ಯಜಮಾನ್ರೇ! ಹನ್ನೆರಡಾಯ್ತು! ಟೋಪಿ ತರ್ತೀರೋ, ನಿಜ ತರ್ತೀರೋ?"

ನಾನು ಕರೆಸಿದ್ದು. ನಾನೇ ಬಾಯಿ ಚಪಲಕ್ಕೆ ಕರೆಸಿಕೊಂಡದ್ದು. ಬಗ್ಗಿ ಹೊರಗೆ ಬಂದೆ, ಹಿಂದೆ ನಿಕಿತಾಸ್ ಬಂದ.

ಮಾರ್ಕೆಲ್ಲಳ ಕೈಗೆ ಹಗ್ಗ ಕಟ್ಟಿದ್ದರು. ಮಣಿಕಟ್ಟು ಕೆಂಪಾಗಿತ್ತು. ಬಿಸಿಲಿಗೆ ಕಣ್ಣು ಕಿರಿದು ಮಾಡಿ ಅವಳು ನನ್ನನ್ನೇ ನೋಡುತ್ತಿದ್ದಳು. ಅವಳ ಹಿಂದೆ ಬುತ್ತಿಯ ಬುಟ್ಟಿ ಹಿಡಿದು ನನ್ನ ಮತ್ರೋನ ನಿಂತಿದ್ದಳು.

"ಇವಳಿಗೆ ಊಟ ತಂದಿದ್ರು ನಿಮ್ಮ ಮನೆಯವರು," ಎಂದ ಫೋಟಿಸ್. "ಇಲ್ಲಿಗೆ ಬರ್ತೀವಿ ಅಂದೆ, ಜೊತೆಗೇ ಬಂದ್ರು."

"ಇಸಿದೋರಣ್ಣ," ಎಂದಳು ಮಾರ್ಕೆಲ್ಲ. "ನೀನು ಏನೋ ತೋರಿಸ್ತೀಯ ಅಂದ್ರು. ನಿಜವೇನಣ್ಣ? ಇಲ್ಲಾಂದ್ರೆ ಈಗಲೇ ಇಲ್ಲ ಅಂದುಬಿಡು. ಆಸೆ ಇಟ್ಕೊಂಡು ಆ ಕತ್ತಲೆ ಕೋಣೇಲಿ ಕೂರೋಕೆ ಆಗಲ್ಲ ನನಗೆ."

ಇನ್ನು ತಡೆಯಲಾಗಲಿಲ್ಲ. ಹಾಳೆಯನ್ನೂ ಬಟ್ಟೆಯ ಗಂಟನ್ನೂ ಫೋಟಿಸ್‌ನ ಕೈಗಿಟ್ಟೆ. ಅವನು ಹಳದಿಯನ್ನು ನೋಡಿದ, ತಾರೀಖು ಓದಿದ, ಗಂಟನ್ನು ಮೂಸಿದ.

"ಇದೆಲ್ಲಿ ಇತ್ತು?"

"ಗಂಟು ಅವಳ ಮರದ ಕವಲಿನಲ್ಲಿ. ಅವಳೇ ಆರಿಸಿದ್ರೆ ಮನೆಗೆ ಒಯ್ತಿದ್ದಳು, ಕಟ್ಟಿ ನೇತುಹಾಕ್ತಿರಲಿಲ್ಲ. ಹಳದಿ ಆದ ಮೇಲೆ ಅವಳಿಗೆ ಅವನ ಮೇಲೆ ಹಗೆಯೂ ಇಲ್ಲ. ಬಿಚ್ಚಿ ಕೈ."

ಫೋಟಿಸ್ ಹಗ್ಗ ಬಿಚ್ಚಿದ. ಮಾರ್ಕೆಲ್ಲ ಅಲ್ಲೇ ನೆಲದ ಮೇಲೆ ಕೂತು ಬಾಯಿಗೆ ತಲೆಬಟ್ಟೆಯ ತುದಿ ಇಟ್ಟುಕೊಂಡು ಅತ್ತಳು. ಫೋಟಿಸ್ ಮಾತ್ರ ಇನ್ನೂ ಹಾಳೆ ಮಡಚಿರಲಿಲ್ಲ.

"ಹಾಳೆ ಎಲ್ಲಿ ಸಿಕ್ತು ಅಂತ ಹೇಳಲಿಲ್ಲ ನೀವು."

ನಾನು ನಿಕಿತಾಸ್‌ನ ಕಡೆ ತಿರುಗಲಿಲ್ಲ.

"ಮಂಗಳವಾರ ಹಸಿರು ಹಚ್ಚಿದ್ದಾನೆ. ಸತ್ತದ್ದೂ ಮಂಗಳವಾರ. ಈ ಹೊಲ ಯಾರದು?"

"ನನ್ನದು," ಎಂದೆ. ಮತ್ರೋನಳ ಹೆಸರು ಅಲ್ಲಿ ಬರಕೂಡದು, ಅಷ್ಟೇ ನನ್ನ ತಲೆಯಲ್ಲಿದ್ದದ್ದು. ನನಗೇನು ಭಯ? ಸಂಜೆವರೆಗೆ ನಾನು ಹಾಸಿಗೆ ಬಿಟ್ಟು ಎದ್ದವನೇ ಅಲ್ಲ.

"ಮಂಗಳವಾರ ಬೆಳಿಗ್ಗೆ ಎಲ್ಲಿದ್ರಿ?"

"ಮನೇಲಿ. ಮಂಡಿ ಊದಿತ್ತು. ಸಂಜೆವರೆಗೂ ಮಲಗಿದ್ದೆ. ಇವಳೇ ಈರುಳ್ಳಿ ಕಟ್ಟಿದ್ದು, ಕೇಳಿ ಬೇಕಾದ್ರೆ."

ಫೋಟಿಸ್ ಮತ್ರೋನಳ ಕಡೆ ತಿರುಗಿದ. "ಹೌದೇನಮ್ಮಾ? ಮನೇಲೇ ಇದ್ರಾ ನಿಮ್ಮ ಯಜಮಾನ್ರು?"

ಅವಳು ಬುಟ್ಟಿಯನ್ನು ನೆಲಕ್ಕಿಟ್ಟಳು. ತಲೆಯ ಬಟ್ಟೆ ಗಾಳಿಗೆ ಹಾರುತ್ತಿತ್ತು, ಅದನ್ನು ಸರಿಮಾಡಿಕೊಂಡಳು. ಮದುವೆಯಾಗಿ ಮೂವತ್ತು ವರ್ಷವಾದರೂ ಆ ಮುಖದಲ್ಲಿ ಏನಿದೆಯೆಂದು ನನಗೆ ಓದಲಾಗಲಿಲ್ಲ.

"ಇಲ್ಲ," ಎಂದಳು. "ಬೆಳಕು ಹರಿಯೋಕೆ ಮುಂಚೆನೇ ಹಳ್ಳದ ಕಡೆ ಹೋಗಿದ್ರು."